ಕನ್ನಡ ಮಾಧ್ಯಮದಲ್ಲಿ ಓದಿದ ಡಾಕ್ಟರಿಗೆ ಬ್ರಿಟನ್ನಿನ ತರಬೇತಿ ಸಂದರ್ಶನ ಎಷ್ಟು ಕಷ್ಟ?

ನೀವು ಲಿಂಗಸುಗೂರು ಕಡೆಯವರು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ರಾಯಚೂರಿನಲ್ಲಿ ಹೌಸ್ ಸರ್ಜನ್, ಮುಂದೆ ಬ್ರಿಟನ್ನಿನಲ್ಲಿ ಮೆಡಿಸಿನ್ ತರಬೇತಿಗೆ ಸೇರುವ ಆಸೆ ಎಂದು ಬರೆದಿದ್ದೀರಿ. ಇಲ್ಲಾದರೆ ಪಿಜಿಗೆ, ಅಂದರೆ ತಜ್ಞ ಪದವಿಗೆ, ನೀಟ್ ರ‍್ಯಾಂಕ್ ನೋಡಿ ಸೀಟು ಕೊಡುತ್ತಾರೆ, ಅಲ್ಲಿ ಸಂದರ್ಶನ ಇದೆ, ಸರಾಗ ಇಂಗ್ಲಿಷ್ ಇಲ್ಲದವರನ್ನು ಬಾಯಿ ಬಿಟ್ಟ ಕೂಡಲೇ ಬದಿಗೆ ಸರಿಸುತ್ತಾರೇನೋ ಎಂಬುದು ನಿಮ್ಮ ಪ್ರಶ್ನೆ.

ಹಾಗೆ ಸರಿಸುವುದಿಲ್ಲ. ನಾನು ಇದೇ ಜಿಲ್ಲೆಯಲ್ಲಿ ಮೆಡಿಸಿನ್ ಪಾಠ ಮಾಡುವವನು, ಹೊರಗೆ ಹೋಗುವ ನಮ್ಮ ಮಕ್ಕಳಿಗೆ ಸಂಜೆ ಹೊತ್ತು ಸಂದರ್ಶನದ ಅಭ್ಯಾಸ ಮಾಡಿಸುತ್ತೇನೆ. ನೀವು ನಿಜಕ್ಕೂ ಹೆದರಬೇಕಾದದ್ದು ಇಂಗ್ಲಿಷಿಗಲ್ಲ, ನಮ್ಮ ವೈವಾ, ಅಂದರೆ ಬಾಯಿಮಾತಿನ ಪರೀಕ್ಷೆ, ಕಲಿಸಿದ ಅಭ್ಯಾಸಕ್ಕೆ.

ಮೊದಲು ಪದ್ಧತಿ ತಿಳಿದುಕೊಳ್ಳಿ. ಹಿಂದೆ ಎಲ್ಲ ಕಡೆ ನಡೆಯುತ್ತಿದ್ದದ್ದು ಎದುರು ಕೂತು ಮಾತಾಡಿಸುವ ಸಂದರ್ಶನ. ಒಬ್ಬರಿಗೆ ಒಂದು ಪ್ರಶ್ನೆ, ಮತ್ತೊಬ್ಬರಿಗೆ ಇನ್ನೊಂದು. ಅದರಲ್ಲಿ ಗೆಲ್ಲುವುದು ಹೆಚ್ಚಾಗಿ ಕೇಳುವವರ ಹಾಗೆಯೇ ಮಾತಾಡುವ, ಅವರ ಹಾಗೆಯೇ ಬೆಳೆದ ಅಭ್ಯರ್ಥಿ. ನಿಮ್ಮ ಭಯ ಈ ಪದ್ಧತಿಗಾದರೆ ಸರಿಯಾದ ಭಯವೇ. ಇದಕ್ಕೆ ಪರಿಹಾರವಾಗಿ ಬಂದದ್ದು ಚೌಕಟ್ಟಿನ ಸಂದರ್ಶನ: ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ, ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟ ಅಳತೆ, ಒಬ್ಬರಿಗಿಂತ ಹೆಚ್ಚು ಪರೀಕ್ಷಕರು, ಅವರವರ ಅಂಕ ಅವರವರದು.

ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಅವರ ಮಲ್ಟಿಪಲ್ ಮಿನಿ ಇಂಟರ್‌ವ್ಯೂ 2004ರಲ್ಲಿ ಪ್ರಕಟವಾಯಿತು. ಮೊದಲು ಎಂಬಿಬಿಎಸ್ ಮಟ್ಟದ ಪ್ರವೇಶಕ್ಕೆ ಬಳಸಿದರು, ಆಮೇಲೆ ತಜ್ಞ ತರಬೇತಿಯ ಆಯ್ಕೆಗೂ ಬಂತು. ನಮ್ಮ ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯ ಹಾಗೆಯೇ ಒಂದರ ಪಕ್ಕ ಒಂದು ಸ್ಟೇಷನ್, ಅಂದರೆ ಪ್ರಶ್ನೆಗೊಂದು ಕೋಣೆ. ಬಾಗಿಲ ಮುಂದೆ ಪ್ರಶ್ನೆ ಓದಿಕೊಳ್ಳಬೇಕು, ಒಳಗೆ ಹೋಗಿ ಕೆಲವು ನಿಮಿಷ ಮಾತಾಡಬೇಕು, ಗಂಟೆಯಾದರೆ ಮುಂದಿನ ಕೋಣೆ. ಒಂದು ಕೋಣೆಯಲ್ಲಿ ತಡವರಿಸಿದ್ದು ಮುಂದಿನ ಕೋಣೆಯವರಿಗೆ ಗೊತ್ತೇ ಇರುವುದಿಲ್ಲ. ಹಳ್ಳಿಯಿಂದ ಬಂದ, ಮೊದಲ ಐದು ನಿಮಿಷ ಗಂಟಲು ಒಣಗುವ ಹುಡುಗರಿಗೆ ಇದಕ್ಕಿಂತ ನ್ಯಾಯದ ಏರ್ಪಾಡು ನಾನು ಕಂಡಿಲ್ಲ.

ನೀವು ಹೇಳುತ್ತಿರುವ ಬ್ರಿಟನ್ನಿನ ಮೂರು ವರ್ಷದ ಐಎಂಟಿ (ಇಂಟರ್ನಲ್ ಮೆಡಿಸಿನ್) ತರಬೇತಿಯ ಸಂದರ್ಶನ ಆನ್‌ಲೈನಿನಲ್ಲಿ ನಡೆಯುತ್ತದೆ, ಚೌಕಟ್ಟಿನದೇ. ಒಂದು ರೋಗಿಯ ಸನ್ನಿವೇಶ, ಒಂದು ನೈತಿಕ ಇಕ್ಕಟ್ಟು, ಈ ವಿಭಾಗದ ಬಗ್ಗೆ ನಿಮಗಿರುವ ಒಲವು, ಇಂಥವು. ಭಾಷೆಯ ಪರೀಕ್ಷೆ ಅದಕ್ಕಿಂತ ಮುಂಚೆಯೇ ಮುಗಿದಿರುತ್ತದೆ. ಅಲ್ಲಿ ವೈದ್ಯರಾಗಿ ನೋಂದಾಯಿಸಿಕೊಳ್ಳಲು ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5, ಪ್ರತಿ ಭಾಗದಲ್ಲೂ ಕನಿಷ್ಠ 7 ತೆಗೆದವರು, ಇಲ್ಲವೇ ಆರೋಗ್ಯ ವೃತ್ತಿಯವರ ಇಂಗ್ಲಿಷ್ ಪರೀಕ್ಷೆಯಾದ ಓಇಟಿ ಪಾಸಾದವರು ಆಗಿರುತ್ತೀರಿ ನೀವು. ಸಂದರ್ಶನದಲ್ಲಿ ಮಾತು ಅರ್ಥವಾಗಬೇಕು, ಕ್ರಮವಾಗಿರಬೇಕು, ಅಷ್ಟೆ. ಅಲ್ಲಿ ಜಿಪಿ (ಕುಟುಂಬ ವೈದ್ಯ) ತರಬೇತಿಗೆ ಕೋವಿಡ್ ನಂತರ ಸಂದರ್ಶನವನ್ನೇ ಬಿಟ್ಟು ಎಂಎಸ್‌ಆರ್‌ಎ ಎಂಬ ಕಂಪ್ಯೂಟರ್ ಪರೀಕ್ಷೆಯ ಅಂಕದ ಮೇಲೆ ಆಯ್ಕೆ ಮಾಡುತ್ತಿದ್ದಾರೆ, ಅದೂ ತಲೆಯಲ್ಲಿರಲಿ. ಹೊರದೇಶದಲ್ಲಿ ಓದಿದವರಿಗೆ ಪೈಪೋಟಿ ಬಹಳ ಬಿಗಿಯಾಗಿದೆ. ಅರ್ಜಿ ಹಾಕುವ ವರ್ಷದ ನಿಯಮವನ್ನು ಪೂರ್ತಿ ಓದದೆ ದುಡ್ಡು ಕಟ್ಟಬೇಡಿ.

ಈಗ ವೈವಾದ ವಿಷಯ. ನಮ್ಮಲ್ಲಿ ಪರೀಕ್ಷಕರು ಕೇಳಬೇಕು, ನಾವು ಒಂದು ಪದ ಹೇಳಿ ‘ಸರ್’ ಎಂದು ಸುಮ್ಮನಾಗಬೇಕು. ಹತ್ತು ವೈವಾಗಳಲ್ಲಿ ಹೀಗೇ ಪಾಸಾದವರು ಅಲ್ಲಿಯೂ ಹಾಗೇ ಕೂರುತ್ತಾರೆ. ಅಲ್ಲಿ ಯಾರೂ ಬಾಯಿಂದ ಉತ್ತರ ಎಳೆಯುವುದಿಲ್ಲ. ನಿಮ್ಮ ತಲೆಯಲ್ಲಿ ಓಡುತ್ತಿರುವುದನ್ನು ನೀವೇ ಬಿಡಿಸಿ ಮುಂದಿಡಬೇಕು.

ನನ್ನ ಬಳಿ ಬಂದ ಒಬ್ಬ ವಿದ್ಯಾರ್ಥಿನಿ ‘ನಾನು ಶ್ರಮಜೀವಿ, ತಂಡದಲ್ಲಿ ಚೆನ್ನಾಗಿ ಕೆಲಸ ಮಾಡುತ್ತೇನೆ’ ಎಂದು ಕಂಠಪಾಠ ಮಾಡಿಕೊಂಡಿದ್ದಳು. ಅದನ್ನು ಬಿಡು, ನೀನು ನೋಡಿದ ಒಬ್ಬ ರೋಗಿಯ ಬಗ್ಗೆ ಹೇಳು ಅಂದೆ. ಹತ್ತಿ ಹೊಲಕ್ಕೆ ಹೊಡೆಯುವ ಕೀಟನಾಶಕ ಔಷಧಿ ಕುಡಿದ ಹುಡುಗ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಅದಕ್ಕೆ ಪ್ರತಿಮದ್ದಾದ ಅಟ್ರೊಪಿನ್ ಕೊಟ್ಟು, ಎದೆ ತಿಳಿಯಾಗುವವರೆಗೆ ಡೋಸ್ ಇಮ್ಮಡಿಸುತ್ತಾ ಹೋಗಿದ್ದರು. ಮಾರನೇ ದಿನ ಹುಡುಗ ಆರಾಮ ಎಂದು ಎಲ್ಲರೂ ಅಂದುಕೊಂಡಾಗ, ದಿಂಬಿನಿಂದ ತಲೆ ಎತ್ತು ಎಂದು ಇವಳು ಹೇಳಿ ನೋಡಿದ್ದಾಳೆ. ಎತ್ತಲು ಆಗಲಿಲ್ಲ. ಕತ್ತಿನ ಸ್ನಾಯು ಸೋತರೆ ಮುಂದೆ ಉಸಿರಾಟ ಸೋಲಬಹುದು ಎಂದು ಗೊತ್ತಿದ್ದರಿಂದ ಆ ಕ್ಷಣವೇ ಸೀನಿಯರಿಗೆ ಫೋನು ಮಾಡಿದಳು, ವೆಂಟಿಲೇಟರ್ ಸಿದ್ಧವಾಯಿತು. ಹೊರಗೆ ತಾಯಿ ‘ಖರೇ ಹೇಳ್ರಿ ಡಾಕ್ಟ್ರೇ, ಉಳೀತಾನೇನ್ರಿ’ ಎಂದು ಕೇಳಿದಾಗ ಸುಳ್ಳು ಭರವಸೆ ಕೊಡದೆ ಉತ್ತರಿಸಿದವಳೂ ಇವಳೇ.

ಅಂಕದ ಹಾಳೆಯಲ್ಲಿ ಬೇಕಾದದ್ದೆಲ್ಲ ಇದರಲ್ಲಿದೆ: ಏನು ಗಮನಿಸಿದಿರಿ, ಏನು ತೀರ್ಮಾನಿಸಿದಿರಿ, ಯಾರನ್ನು ಯಾವಾಗ ಕರೆದಿರಿ, ಮನೆಯವರ ಜೊತೆ ಹೇಗೆ ಮಾತಾಡಿದಿರಿ. ಆದರೆ ಅವಳು ಮೊದಲ ಸಲ ಹೇಳಿದಾಗ ಎಲ್ಲವೂ ಯೂನಿಟ್, ಅಂದರೆ ವಾರ್ಡಿನ ವೈದ್ಯರ ತಂಡ, ಮಾಡಿದ ಕೆಲಸವಾಗಿತ್ತು, ತನ್ನ ಪಾಲು ಎಲ್ಲೂ ಇರಲಿಲ್ಲ. ಸೀನಿಯರನ್ನು ಕರೆದದ್ದನ್ನಂತೂ ಮುಚ್ಚಿಟ್ಟಿದ್ದಳು, ದಡ್ಡಿ ಅಂದುಕೊಳ್ಳುತ್ತಾರೆ ಎಂದು. ತನ್ನ ಮಿತಿ ಅರಿತು ಸಕಾಲಕ್ಕೆ ಕರೆಯುವುದನ್ನು ಅಲ್ಲಿ ರೋಗಿಯ ಸುರಕ್ಷತೆ ಎಂದು ಲೆಕ್ಕ ಹಾಕುತ್ತಾರೆ. ಕರೆಯದೇ ಇದ್ದರೆ ಅಂಕ ಹೋಗುತ್ತದೆ.

ನಮ್ಮಲ್ಲೂ ಪಿಜಿಗೆ ಸಂದರ್ಶನ ಬರಬೇಕೇ ಎಂದೂ ಕೇಳಿದ್ದೀರಿ. ನೀಟ್‌ನ 200 ಪ್ರಶ್ನೆಗಳಿಗೆ ಆ ಹುಡುಗಿಯ ಗಮನ, ತಾಳ್ಮೆ ಕಾಣುವುದಿಲ್ಲ, ನಿಜ. ಆದರೂ ಎದುರು ಕೂರಿಸಿ ಮಾತಾಡಿಸುವ ಹಳೇ ಸಂದರ್ಶನ ಬಂದರೆ ನಾನು ವಿರೋಧಿಸುತ್ತೇನೆ. ಯಾರ ಮಗ, ಯಾರ ಶಿಫಾರಸು ಎಂಬುದು ಆ ಕೋಣೆಯೊಳಗೆ ಬಂದೇ ಬರುತ್ತದೆ, ಮೊದಲು ಹೊರಗೆ ಬೀಳುವವರು ದೇವದುರ್ಗ, ಕುಷ್ಟಗಿ, ಸಿರುಗುಪ್ಪದ ಮಕ್ಕಳು.

ನಿಮ್ಮ ತಯಾರಿಗೆ ಹೇಳುವುದಾದರೆ, ಡ್ಯೂಟಿ ಮುಗಿದ ರಾತ್ರಿಯೇ ಆ ದಿನದ ಒಂದು ಕೇಸನ್ನು, ರೋಗಿಯ ಗುರುತು ಬಿಟ್ಟು, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯಿರಿ. ನಂತರ ಅದನ್ನೇ ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಚಳಿಗಾಲದಲ್ಲಿ ಅಲ್ಲಿಯ ಬೆಳಗಿನ 9 ನಮಗೆ ಮಧ್ಯಾಹ್ನ 2.30, ಸಂದರ್ಶನದ ದಿನ ಡ್ಯೂಟಿ ಹಾಕಿಸಿಕೊಳ್ಳಬೇಡಿ. ಬರೆದ ಕೇಸುಗಳಲ್ಲಿ ಒಂದನ್ನು ನನಗೆ ಕಳಿಸಿದರೆ ಪರೀಕ್ಷಕರು ಕೇಳುವ ಹಾಗೆ ಪ್ರಶ್ನೆ ಹಾಕುತ್ತೇನೆ.