ಹಲಗೆಗಳ ಕ್ರಮ ತಪ್ಪಿದ ಸಂಜೆ: ಕಥೆ ಮುಗಿಸಲಾರದವರೊಬ್ಬರ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ದಾಖಲಿಸುತ್ತಿದ್ದೇನೆ. 46 ವರ್ಷದ ಮಹಿಳಾ ಬ್ಯಾಂಕ್ ಉದ್ಯೋಗಿಯೊಬ್ಬರು ನಿದ್ರೆ ಬರುವುದಿಲ್ಲವೆಂದು ನನ್ನ ಬಳಿ ಸಮಾಲೋಚನೆಗೆ ಬಂದಿದ್ದರು. ಮಾತು ಬೆಳೆದಂತೆ ತಿಳಿದದ್ದೇನೆಂದರೆ, ಅವರು ಎರಡು ವರ್ಷಗಳಿಂದ ಒಂದೇ ಕಥೆಯನ್ನು ತಿದ್ದುತ್ತಿದ್ದರು. ವಿಶೇಷಾಂಕಗಳ ಸ್ಪರ್ಧೆಗೆ ಕಳುಹಿಸಿ ನಿರಾಶರಾಗಿ, ಕಥೆ ಬರೆಯುವ ಬಗೆಯನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದಿ, ಈಗ ಒಂದು ವಾಕ್ಯ ಬರೆಯಲೂ ಹೆದರುತ್ತಿದ್ದರು. "ನನಗೆ ಪ್ರತಿಭೆಯೇ ಇಲ್ಲ ಮೇಡಂ" ಎಂದರು.

ಕಥೆ ಸಾಲದಿಂದ ದಿನಸಿ ಅಂಗಡಿ ಮುಚ್ಚಿದ ತಂದೆಯದು, ಅವರದೇ ತಂದೆಯದು. ಗಟ್ಟಿಯಾಗಿ ಓದಿಸಿದೆ. ಒಂದೇ ಪರಿಚ್ಛೇದದಲ್ಲಿ ಅಪ್ಪನ ದುಃಖ, ಅಮ್ಮನ ಭಯ, ಸಾಲ ಕೊಟ್ಟವನ ತಾತ್ಸಾರ ಎಲ್ಲವನ್ನೂ ಹೆಸರಿಸಿದ್ದರು. ಓದುಗ ಯಾರ ಕಣ್ಣಿನಿಂದ ನೋಡಬೇಕೆಂಬುದು ಮಾತ್ರ ತಿಳಿಯುತ್ತಿರಲಿಲ್ಲ. ನಾನು ಸಾಹಿತ್ಯದ ಅಧ್ಯಾಪಕಿಯಲ್ಲ. ಆದರೆ ಭಾವನೆಯ ಹೆಸರನ್ನೇ ಮತ್ತೆ ಮತ್ತೆ ಹೇಳುವವರು ಘಟನೆಯ ಹತ್ತಿರ ಹೋಗಲು ಹಿಂಜರಿಯುತ್ತಿರುತ್ತಾರೆಂಬುದನ್ನು ನನ್ನ ಕೋಣೆಯಲ್ಲಿ ಅನೇಕ ಸಲ ಕಂಡಿದ್ದೇನೆ.

"ಆ ಸಂಜೆ ಅಪ್ಪನ ಕೈಗಳು ಏನು ಮಾಡುತ್ತಿದ್ದವು?" ಎಂದು ಕೇಳಿದೆ. ಬಹಳ ಹೊತ್ತಿನ ನಂತರ ಹೇಳಿದರು: ಅಂಗಡಿಯ ಬಾಗಿಲಿಗೆ ಅಂಕಿ ಬರೆದ ಮರದ ಹಲಗೆಗಳಿದ್ದವು, ದಿನವೂ ಅಂಕಿ ನೋಡದೆಯೇ ಜೋಡಿಸುತ್ತಿದ್ದ ಅಪ್ಪ ಅಂದು ನಾಲ್ಕರ ಜಾಗದಲ್ಲಿ ಆರನ್ನು ಇಟ್ಟು, ತೆಗೆದು, ಮತ್ತೆ ಅದನ್ನೇ ಇಟ್ಟರು. ಎರಡು ವರ್ಷ ತಿದ್ದಿದ ಕಥೆಯಲ್ಲಿ ಈ ಹಲಗೆಗಳೇ ಇರಲಿಲ್ಲ.

ಓದಿದ ನಿಯಮಗಳನ್ನು ಸದ್ಯ ಬದಿಗಿಟ್ಟು, ಹದಿನೈದು ದಿನಕ್ಕೆ ಒಂದೇ ಕೌಶಲವನ್ನು ಅಭ್ಯಾಸ ಮಾಡುವಂತೆ ಸಲಹೆ ನೀಡಿದೆ. ಮೊದಲು ದೃಷ್ಟಿಕೋನ: ಎಲ್ಲವನ್ನೂ ತಿಳಿದಿರುವ ಇಂದಿನ ಮಗಳನ್ನು ಬಿಟ್ಟು, ಸಾಲದ ವಿಷಯ ಗೊತ್ತಿಲ್ಲದ ಒಂಬತ್ತು ವರ್ಷದ ಹುಡುಗಿ ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಇನ್ನೂರು ಪದಗಳಲ್ಲಿ ಬರೆಯುವುದು. ಆಮೇಲೆ ಸಂಭಾಷಣೆ: ಅಪ್ಪ ಅಮ್ಮ ಸಾಲವನ್ನು ಬಿಟ್ಟು ಬೇರೆಲ್ಲವನ್ನೂ ಮಾತಾಡುವ ಒಂದು ಊಟದ ಹೊತ್ತು. ಜೊತೆಗೆ, 1965ರಲ್ಲಿ ಬಂದ ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯ ಮೊದಲ ಪುಟವನ್ನು ಕೈಯಲ್ಲಿ ನಕಲು ಮಾಡಲು ಹೇಳಿದೆ. ಅದರ ನಾಯಕ ಪ್ರಾಣೇಶಾಚಾರ್ಯರ ದಾಂಪತ್ಯವೆಲ್ಲ ಅಲ್ಲಿ ರೋಗಿ ಹೆಂಡತಿಗೆ ಸ್ನಾನ ಮಾಡಿಸುವ ನಿತ್ಯದ ಕೆಲಸದಲ್ಲೇ ತೆರೆದುಕೊಳ್ಳುತ್ತದೆ.

ನಾಲ್ಕನೆಯ ಭೇಟಿಗೆ ಎರಡು ಪುಟ ತಂದರು. 'ದುಃಖ' ಎಂಬ ಪದ ಒಂದೇ ಕಡೆ ಉಳಿದಿತ್ತು. ಓದುತ್ತಲೇ ಅದನ್ನು ತಾವೇ ಹೊಡೆದುಹಾಕಿದರು. ಓದಿ ಮುಗಿಸಿ ಅತ್ತರು, ಅಂದು ಕಥೆಯ ಬಗ್ಗೆ ನಾವು ಮಾತಾಡಲಿಲ್ಲ. ನಿದ್ರೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಭೇಟಿಗಳು ಮುಂದುವರಿದಿವೆ.