ನಮ್ಮಲ್ಲಿ ಅಂದ್ರೆ ಯಾರು?

ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಆಪ್ತಸಲಹೆಗೆ ನನ್ನ ಹತ್ತಿರ ಬರುವ ಬೆಂಗಳೂರಿನ ಐಟಿ ಕೆಲಸದವರು "ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಲ್ಲ" ಅನ್ನೋ ಮಾತು ಹಿಡಿದು ಬರುವುದು ಈಚೆಗೆ ಜಾಸ್ತಿಯಾಗಿದೆ.

ಹಾಸನದ ಕಡೆಯ ಹುಡುಗ. ಟೀಮಿನ ಅರ್ಧ ಜನ ನೆದರ್ಲೆಂಡ್ಸ್‌ನವರು. ಕೋಡ್‌ನಲ್ಲಿ ತಪ್ಪಿದೆ ಅಂತ ಎರಡು ವಾರ ಮೊದಲೇ ಗೊತ್ತಿದ್ದರೂ ಮೀಟಿಂಗ್‌ನಲ್ಲಿ ಬಾಯಿ ಬಿಡಲಿಲ್ಲ. ಆಮೇಲೆ ಆಗಬೇಕಾದ್ದು ಆಯಿತು. ಈಗ ರಾತ್ರಿ ನಿದ್ದೆಯಿಲ್ಲ.

ಎರಡನೇ ಸಲ ಬಂದಾಗ ಜೇಬಿನಿಂದ ಮಡಚಿದ ಹಾಳೆ ತೆಗೆದ. ಆಫೀಸಿನ ತರಬೇತಿಯಲ್ಲಿ ಕೊಟ್ಟದ್ದು. ದೇಶದೇಶದ ಸಂಸ್ಕೃತಿಗೆ ಅಂಕ ಹಾಕಿದ ಡಚ್ ಸಂಶೋಧಕ ಹಾಫ್‌ಸ್ಟೀಡ್ ಅವರ ಪಟ್ಟಿ: ಅಧಿಕಾರದ ಅಂತರದಲ್ಲಿ, ಅಂದರೆ ಮೇಲಿನವರ ಹೆಚ್ಚಿನ ಅಧಿಕಾರವನ್ನು ಕೆಳಗಿನವರು ಎಷ್ಟು ಒಪ್ಪಿಕೊಳ್ಳುತ್ತಾರೆ ಅನ್ನುವುದರಲ್ಲಿ, ಭಾರತಕ್ಕೆ 77, ನೆದರ್ಲೆಂಡ್ಸ್‌ಗೆ 38.

"ನೋಡಿ ಮೇಡಂ, ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಲ್ಲ. ನಾನೇನು ಮಾಡ್ಲಿ?"

"ನಮ್ಮಲ್ಲಿ ಅಂದ್ರೆ ಯಾರು? ನಿಮ್ಮ ಮನೆಯಲ್ಲಿ ಯಾರೂ ಮಾತಾಡಲ್ವಾ?"

ನಕ್ಕುಬಿಟ್ಟ. "ನಮ್ಮಕ್ಕ ಬಿಡಿ, ಅಪ್ಪನಿಗೇ ಬೈತಾಳೆ. ಗದ್ದೆ ಮಾರ್ತೀನಿ ಅಂದಾಗ ಪತ್ರ ಕಿತ್ಕೊಂಡು ಬೀರುಗೆ ಬೀಗ ಹಾಕಿದ್ಲು." ನಗು ಅಲ್ಲೇ ನಿಂತಿತು. ಹಾಳೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಹಾಗಾದ್ರೆ ತಪ್ಪು ನಂದೇನಾ?"

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅವನು ಆತುಕೊಂಡಿದ್ದ ಗೋಡೆಯನ್ನೇ ಕೆಡವಿದೆ ಅಂತ ಜೊತೆಯ ಆಪ್ತಸಲಹೆಗಾರರೊಬ್ಬರು ಬೈದರು ಕೂಡ. ಇರಬಹುದು. ಆದರೆ ಆ ಅಂಕಗಳ ಮೂಲ ಐಬಿಎಂ ನೌಕರರನ್ನು 1967ರಿಂದ 1973ರವರೆಗೆ ಕೇಳಿದ ಪ್ರಶ್ನೆಗಳು, ದೇಶದೇಶದ ಸರಾಸರಿ, ಅದರಿಂದ ಒಬ್ಬೊಬ್ಬರನ್ನು ಅಳೆಯಬೇಡಿ ಅಂತ ಹಾಫ್‌ಸ್ಟೀಡ್ ತಾವೇ ಹೇಳಿದ್ದರು. ಅಕ್ಕ ತಮ್ಮ ಉಂಡದ್ದು ಒಂದೇ ಅಡುಗೆಮನೆಯಲ್ಲಿ, ಇಬ್ಬರಿಗೂ ಅದೇ 77 ಅಲ್ವಾ? ಹಾಗಂತ ಮನೆ ಏನೂ ಕಲಿಸಿಲ್ಲ ಅಂತಲ್ಲ. ಅಪ್ಪನ ಮುಂದೆ ದನಿ ತಗ್ಗಿಸುವುದನ್ನು ಅವನು ಕಲಿತದ್ದು ಅಲ್ಲೇ.

ಮುಂದಿನ ಸಲ ಹೊಸ ಹಾಳೆ ಬಂತು! ಆನ್‌ಲೈನ್‌ನಲ್ಲಿ ವ್ಯಕ್ತಿತ್ವ ಪರೀಕ್ಷೆ ಮಾಡಿಕೊಂಡಿದ್ದ. "ನಾನು ಇಂಟ್ರೋವರ್ಟ್ ಅಂತೆ ಮೇಡಂ." ಸರಿ, ಇರಲಿ, ಮಾತು ಕಡಿಮೆ. ಕೋಡ್ ಕೆಟ್ಟಿದೆ ಅನ್ನಲು ಎಷ್ಟು ಮಾತು ಬೇಕು?

ಧೈರ್ಯವಾಗಿ ಮಾತಾಡಿ ಅಂತ ನಾನು ಹೇಳಲಿಲ್ಲ, ಆ ಸಲಹೆ ಅವನಿಗೆ ಎಲ್ಲರೂ ಕೊಟ್ಟಾಗಿತ್ತು. ಮೀಟಿಂಗ್‌ನ ಹಿಂದಿನ ದಿನ ಮೂರು ಸಾಲಿನ ಮೆಸೇಜ್ ಬರೆಯಿರಿ ಅಂದೆ. ಏನು ಕೆಟ್ಟಿದೆ, ಎಲ್ಲಿ, ಬಿಟ್ಟರೆ ಏನಾಗುತ್ತದೆ. ಕಳಿಸುವ ಮೊದಲು ಫೋನಿನಲ್ಲಿ ಅಕ್ಕನಿಗೆ ಓದಿ ಹೇಳಿ.

ಮೊದಲ ಮೆಸೇಜ್ ನನಗೂ ತೋರಿಸಿದ. ಮೂರು ಸಾಲು, ಕ್ಷಮೆ ಕೇಳುವ "ಸಾರಿ" ಒಂದೇ. ಬರೆದಾಗ ನಾಲ್ಕು "ಸಾರಿ" ಇದ್ದವಂತೆ, ಮೂರನ್ನು ಅಕ್ಕ ತೆಗೆಸಿದಳಂತೆ.