ಬೌನ್ ಬೀದಿಯ ಗಣಪತಿ

ನಿನ್ನ ಪತ್ರ ಬಂದಾಗ ನಾನು ಹಾಸನದಲ್ಲೇ ಇದ್ದೆ, ಅಮ್ಮನ ಮನೆಯಲ್ಲಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಿವು. ನಾಲ್ಕು ಗಂಟೆ ಸಾಲಿನಲ್ಲಿ ನಿಂತು ದರ್ಶನ ಮುಗಿಸಿ ಬಂದು, ಕಾಲು ನೀವಿಕೊಳ್ಳುತ್ತಾ ಓದಿದೆ. ಜನವರಿಯಲ್ಲಿ ಓದಲು ನ್ಯೂಯಾರ್ಕಿಗೆ ಹೊರಟಿದ್ದೀಯ. "ಅಕ್ಕಾ, ಅಲ್ಲಿನ ದೇವಸ್ಥಾನಕ್ಕೆ ಹೋದರೆ ಊರಿಗೆ ಹೋದ ಹಾಗೆ ಅನ್ನಿಸುತ್ತದೆಯೇ?" ಎಂದು ಕೇಳಿದ್ದೀಯ. ಮೊದಲ ದಿನ ಅನ್ನಿಸುವುದಿಲ್ಲ, ತಂಗಿ. ಅದಕ್ಕೆ ಕಂಗೆಡಬೇಡ.

ನಾನು ಹೋಗುವುದು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿರುವ ಗಣಪತಿ ದೇವಸ್ಥಾನಕ್ಕೆ. 7ನೇ ನಂಬರಿನ ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿದು ಬೌನ್ ಬೀದಿ ಹಿಡಿದು ನಡೆಯಬೇಕು. ಅದೇ ಬೀದಿಯಲ್ಲಿ ಒಂದು ಹಳೆಯ ಮರದ ಮನೆ ಇದೆ. ಅದು ಜಾನ್ ಬೌನ್ ಎಂಬಾತನದು. ಕ್ವೇಕರ್ ಎಂಬ ಕ್ರೈಸ್ತ ಪಂಥದವರಿಗೆ ಪ್ರಾರ್ಥನೆ ಮಾಡಲು ಆ ಮನೆಯಲ್ಲಿ ಜಾಗ ಕೊಟ್ಟನೆಂದು 1662ರಲ್ಲಿ ಅವನನ್ನು ಬಂಧಿಸಿದ್ದರು. ಅವನ ಹೆಸರಿನ ಬೀದಿಯಲ್ಲೇ, ಮೊದಲು ರಷ್ಯನ್ ಚರ್ಚ್ ಇದ್ದ ಜಾಗದಲ್ಲಿ, 1977ರ ಜುಲೈ 4ರಂದು ನಮ್ಮ ಗಣಪತಿಯ ಪ್ರತಿಷ್ಠೆಯಾಯಿತು. ಆ ಮನೆಯ ಮುಂದೆ ಒಂದು ನಿಮಿಷ ನಿಲ್ಲದೆ ನಾನು ಇವತ್ತಿಗೂ ದೇವಸ್ಥಾನಕ್ಕೆ ಹೋಗುವುದಿಲ್ಲ.

ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊ. ಚಳಿಗಾಲದಲ್ಲಿ ಬೂಟು ಬಿಡುವ ಕಡೆ ಹಿಮ ಕರಗಿ ನೆಲವೆಲ್ಲ ಒದ್ದೆಯಾಗಿರುತ್ತದೆ. ನೆನೆದ ಕಾಲುಚೀಲದಲ್ಲಿ ಪ್ರದಕ್ಷಿಣೆ ಹಾಕುವಾಗ ಮನಸ್ಸು ದೇವರ ಮೇಲೆ ನಿಲ್ಲುವುದಿಲ್ಲ.

ನನಗೆ ಮೊದಲ ಸಲ ಅಳು ಬಂದದ್ದು ಸಂಕಲ್ಪದ ಹೊತ್ತಿನಲ್ಲಿ, ಪೂಜೆಗೆ ಮುನ್ನ ನಾವಿರುವ ಜಾಗ, ದಿನ ಹೇಳುವಾಗ. ನಮ್ಮಲ್ಲಿ "ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ" ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇವಲ್ಲ. ಪುರೋಹಿತರು "ಕ್ರೌಂಚದ್ವೀಪೇ" ಎಂದು ಶುರು ಮಾಡಿದರು. ಅಮೆರಿಕದಲ್ಲಿ ಹಲವರು ಹೀಗೆಯೇ ಹೇಳುತ್ತಾರೆ. ನಮ್ಮ ಸಂಕಲ್ಪದಲ್ಲಿ ಬರುವ ಗೋದಾವರಿಯ ದಕ್ಷಿಣ ತೀರ ನನ್ನ ವಿಳಾಸದಿಂದ ಅಳಿಸಿಹೋಯಿತು ಅನ್ನಿಸಿತು. ಈಗ ಅದೇ ಮಾತು ಸಮಾಧಾನ ಕೊಡುತ್ತದೆ. ನಾನು ನಿಂತಿರುವ ನೆಲ ಯಾವುದೆಂದು ದೇವರಿಗೆ ಸರಿಯಾಗಿಯೇ ಹೇಳುತ್ತಿದ್ದಾರೆ. ಪಂಚಾಂಗವೂ ಅಷ್ಟೇ. ತಿಥಿಯನ್ನು ಆಯಾ ಊರಿನ ಸೂರ್ಯೋದಯಕ್ಕೆ ನೋಡುವುದರಿಂದ, ಏಕಾದಶಿ ಅಲ್ಲಿ ಹಾಸನಕ್ಕಿಂತ ಒಂದು ದಿನ ಮೊದಲೇ ಬಂದುಬಿಡುವುದುಂಟು. ನಿನ್ನ ಅಮ್ಮನಿಗೆ ಇದನ್ನು ಈಗಲೇ ತಿಳಿಸಿಡು, ಇಲ್ಲದಿದ್ದರೆ ಫೋನಿನಲ್ಲಿ ಉಪವಾಸದ ವಿಚಾರಣೆ ನಡೆಯುತ್ತದೆ.

ನೆಲಮಾಳಿಗೆಯ ಕ್ಯಾಂಟೀನಿನ ದೋಸೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ತಿನ್ನು. ಆದರೆ ದರ್ಶನ ಮಾಡಿ, ದೋಸೆ ತಿಂದು ಹೊರಟುಬಿಟ್ಟರೆ ವರ್ಷಗಟ್ಟಲೆ ನೆಂಟಳಾಗಿಯೇ ಉಳಿಯುತ್ತೀಯ. ನಾನು ಎರಡು ವರ್ಷ ಹಾಗೆಯೇ ಇದ್ದೆ. ಒಂದು ಚೌತಿಯ ಹಿಂದಿನ ಸಂಜೆ ಹೂ ಕಟ್ಟಲು ಕೈ ಸಾಲದೆ ಯಾರೋ ಕರೆದು ಕೂರಿಸಿದರು. ಬಾಳೆನಾರು ಇರಲಿಲ್ಲ, ಹತ್ತಿಯ ದಾರ. ಶೀತಲ ಪೆಟ್ಟಿಗೆಯಿಂದ ತೆಗೆದ ಸೇವಂತಿಗೆ, ಸ್ವಲ್ಪ ಬಿಗಿದರೆ ಎಸಳು ಉದುರುತ್ತಿತ್ತು. ಪಕ್ಕದಲ್ಲಿ ಗಯಾನಾ ದೇಶದ ಅಜ್ಜಿ. ಅವರ ಹಿರಿಯರು ಕಬ್ಬಿನ ತೋಟದ ಕೂಲಿಗೆಂದು ಹಡಗು ಹತ್ತಿ ಹೋದವರು. ಭಾರತವನ್ನು ಅವರು ಕಂಡೇ ಇಲ್ಲ, ನಮ್ಮ ಯಾವ ಭಾಷೆಯೂ ಬಾರದು. ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು, ಎರಡು ಹೂ ಆಚೆ, ಎರಡು ಹೂ ಈಚೆ ಇಟ್ಟು, ನನ್ನ ಅಜ್ಜಿ ಹಾಕುತ್ತಿದ್ದ ಗಂಟನ್ನೇ ಹಾಕುತ್ತಿದ್ದರು. ನನ್ನ ಮಾಲೆ ಸಡಿಲವಾದಾಗ ಮಾತಾಡದೆ ಬಿಚ್ಚಿ ಮತ್ತೆ ಕಟ್ಟಿಕೊಟ್ಟರು. ನೀನು ಕೇಳಿದೆಯಲ್ಲ, ಊರಿಗೆ ಹೋದ ಹಾಗೆ ಎಂದು? ಅವತ್ತು ಅನ್ನಿಸಿತು.

ಹಾಗಾಗಿ ಕಚೇರಿಯ ಕಿಟಕಿಯಲ್ಲಿ ಅರ್ಚನೆಯ ಚೀಟಿ ಕೇಳುವಾಗಲೇ, ಹಬ್ಬಕ್ಕೆ ಏನಾದರೂ ಕೆಲಸವಿದೆಯೇ ಎಂದೂ ಕೇಳು. ಬಂದ ಮೊದಲ ಶನಿವಾರ ಫೋನ್ ಮಾಡು. ರೈಲಿನ ಮೆಟ್ಟಿಲ ಬಳಿ ಕಾಯುತ್ತೇನೆ. ಹಾಸನಾಂಬೆಯ ಕುಂಕುಮದ ಪೊಟ್ಟಣ ನಿನಗೂ ಒಂದು ತೆಗೆದಿಟ್ಟಿದ್ದೇನೆ.